ತಾರೀಖು ಮತ್ತು ಹೆಸರು

1962ನೆಯ ಇಸವಿ, ಆಗಸ್ಟ್ 5ರ ನಡುರಾತ್ರಿ. ಜಮೈಕಾ ದ್ವೀಪದ ರಾಜಧಾನಿಯಾದ ಕಿಂಗ್ಸ್‌ಟನ್ನಿನ ಕ್ರೀಡಾಂಗಣದಲ್ಲಿ ಬ್ರಿಟಿಷರ ಬಾವುಟ ಕೆಳಗಿಳಿದು, ಕಪ್ಪು, ಹಸಿರು, ಹೊಂಬಣ್ಣಗಳ ಹೊಸ ಬಾವುಟ ಮೇಲೇರಿತು. ಮುನ್ನೂರು ವರ್ಷಗಳಿಗೂ ಮೀರಿದ ಆಂಗ್ಲರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆಗಸ್ಟ್ 6 ಆ ನಾಡಿನ ಸ್ವಾತಂತ್ರ್ಯ ದಿನವಾಯಿತು.

ಸರಿಯಾಗಿ 35 ವರ್ಷಗಳ ತರುವಾಯ, 1997ರ ಅದೇ ತಾರೀಖಿನಂದು, ಇಟಲಿಯ ಪಾರ್ಮಾ ನಗರದಲ್ಲಿ ಫ್ರಾನ್ಸಿನ ಕಾಲ್ಚೆಂಡು ಆಟಗಾರ ಲಿಲಿಯಾಂ ತುರಾಮನಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಮಾರ್ಕಸ್ ಎಂದು ಹೆಸರಿಟ್ಟರು. ಮಾರ್ಕಸ್ ಗಾರ್ವೆಯ ಸ್ಮರಣಾರ್ಥ. ಈ ಗಾರ್ವೆ ಹುಟ್ಟಿದ್ದು ಜಮೈಕಾದಲ್ಲಿಯೇ!

ಜಾತಕವನ್ನು ನಂಬುವವರು ಇಷ್ಟಕ್ಕೇ ತಲೆದೂಗಬಹುದು. ಆದರೆ ತಾರೀಖು ಯಾರ ಕೈಯಲ್ಲಿಯೂ ಇರುವುದಲ್ಲ. ಹೆಸರು ತಂದೆಯ ಆಯ್ಕೆ. ವಿಚಾರಿಸತಕ್ಕದ್ದು ಅದನ್ನೇ.

ಗಾರ್ವೆ 1887ರಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲಿಯೇ ಅಚ್ಚುಕೂಟದ ಕೆಲಸ ಕಲಿತನು. ಕಪ್ಪುಜನರು ತಮ್ಮ ಬಣ್ಣಕ್ಕಾಗಿ ನಾಚಬೇಕಾಗಿಲ್ಲವೆಂದು ಸಾರುತ್ತ ಅಮೆರಿಕದಲ್ಲಿ ಭಾರಿ ಸಂಘವನ್ನು ಬೆಳೆಸಿದನು. 1919ರಲ್ಲಿ ಅವರದೇ ಒಂದು ಹಡಗು ಕಂಪನಿಯನ್ನೂ ಕಟ್ಟಿದನು. ಕಂಪನಿ ಮುಳುಗಿತು, ಸೆರೆವಾಸವಾಯಿತು, 1927ರಲ್ಲಿ ಗಡೀಪಾರೂ ಆಯಿತು. 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡವನ ದೇಹವನ್ನು ಸ್ವತಂತ್ರ ಜಮೈಕಾ 1964ರಲ್ಲಿ ತರಿಸಿಕೊಂಡು, ರಾಷ್ಟ್ರವೀರನೆಂದು ಗೌರವಿಸಿತು.

ಲಿಲಿಯಾಂ ತುರಾಮನಿಗೆ ಈ ಹೆಸರು ಏಕೆ ಬೇಕಾಯಿತು? ಅವನು ಹುಟ್ಟಿದ್ದು ಗ್ವಾಡೆಲೂಪ್ ದ್ವೀಪದಲ್ಲಿ, 1972ರ ಜನವರಿ 1ರಂದು. ಅದೂ ಒಂದು ದ್ವೀಪರಾಷ್ಟ್ರದ ಸ್ವಾತಂತ್ರ್ಯ ದಿನವೇ: ಹೈಟಿ 1804ರ ಜನವರಿ 1ರಂದು ಸ್ವತಂತ್ರವಾಯಿತು. 1802ರಲ್ಲಿ ನೆಪೋಲಿಯನ್ನನ ಕಡೆಯವರು ಗ್ವಾಡೆಲೂಪಿನಲ್ಲಿ ಗುಲಾಮಗಿರಿಯನ್ನು ಮರಳಿ ಹೇರಿದ ಸುದ್ದಿಯೇ ಹೈಟಿಯ ಜನರನ್ನು ಕಡೆಯ ಹೋರಾಟಕ್ಕೆ ಎಬ್ಬಿಸಿತೆಂಬುದು ಚರಿತ್ರೆ. ಗ್ವಾಡೆಲೂಪಿಗೆ ಮಾತ್ರ ಅಂಥ ದಿನ ಬರಲಿಲ್ಲ. ಅದು ಫ್ರಾನ್ಸಿನ ಭಾಗವಾಗಿಯೇ ಉಳಿದಿದೆ.

ಒಂಬತ್ತರ ವಯಸ್ಸಿನಲ್ಲಿ ತುರಾಮ್ ಫ್ರಾನ್ಸಿಗೆ ಬಂದಾಗ ಸಹಪಾಠಿಗಳು ಅವನನ್ನು ದೂರದರ್ಶನದ ವ್ಯಂಗ್ಯಚಿತ್ರವೊಂದರ ಕಪ್ಪು ಹಸುವಿನ ಹೆಸರಿನಿಂದ ಕರೆದು ಹಾಸ್ಯ ಮಾಡಿದರು. ತನ್ನ ಬಣ್ಣವೂ ಒಂದು ಸಂಗತಿಯೆಂದು ಬಾಲಕನಿಗೆ ತಿಳಿದದ್ದು ಆಗಲೇ. ಅದೇ ಬಾಲಕ ಬೆಳೆದು, 1998ರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಕ್ರೊಯೇಷಿಯದ ವಿರುದ್ಧ ಎರಡು ಗೋಲು ಹೊಡೆದು ಫ್ರಾನ್ಸನ್ನು ಗೆಲ್ಲಿಸಿದನು. ದೇಶಕ್ಕಾಗಿ ಆಡಿದ 142 ಪಂದ್ಯಗಳಲ್ಲಿ ಅವನು ಹೊಡೆದ ಗೋಲುಗಳು ಆ ಎರಡೇ.

ಮಗನೂ ಕಾಲ್ಚೆಂಡು ಆಟಗಾರನೇ ಆದನು. 2020ರ ಮೇ 25ರಂದು ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯನು ಪೋಲೀಸಿನವನ ಮೊಣಕಾಲಿನ ಕೆಳಗೆ ಉಸಿರು ಕಳೆದುಕೊಂಡನು. ಆರು ದಿನಗಳ ಮೇಲೆ ಜರ್ಮನಿಯ ಒಂದು ಪಂದ್ಯದಲ್ಲಿ ಗೋಲು ಹೊಡೆದ ಮಾರ್ಕಸ್ ಸಂಭ್ರಮಿಸಲಿಲ್ಲ. ಒಂದು ಮೊಣಕಾಲೂರಿ, ತಲೆ ತಗ್ಗಿಸಿದನು. ಕೊರೋನಾದ ದಿನಗಳಾದುದರಿಂದ ಜನರಿಗೆ ಪ್ರವೇಶವಿರಲಿಲ್ಲ. ಅಭಿಮಾನಿಗಳ ಆಸನಗಳಲ್ಲಿ ರಟ್ಟಿನ ಆಕೃತಿಗಳನ್ನು ನಿಲ್ಲಿಸಿದ್ದರು. ಕ್ಷಣಕಾಲ ಹಾಗೆಯೇ ಇದ್ದು, ಎದ್ದು ಆಟಕ್ಕೆ ಮರಳಿ, ಅವನು ಇನ್ನೊಂದು ಗೋಲು ಹೊಡೆದನು.