ಅಳಿಸಿದ ಕೈಗೊಂದು ಹೆಸರು ಬೇಡವೇ?

ಎದೆಯಲ್ಲೊಂದು ಗಂಟಾಗಿದೆ ಎಂದು ಬಾಯಿಬಿಡಲು ನನ್ನಕ್ಕನಿಗೆ ಎಂಟು ತಿಂಗಳು ಬೇಕಾಯಿತು. ಭಯಕ್ಕಿಂತ ನಾಚಿಕೆಯೇ ದೊಡ್ಡದಾಗಿತ್ತು ಅವಳಿಗೆ. ಆಪರೇಷನ್ ಮುಗಿದು ಮನೆಗೆ ಬಂದವಳು, "ಇನ್ನೊಬ್ಬಳಿಗೆ ಹೀಗಾಗೋದು ಬೇಡ, ನೀನು ಬರಿಯೇ" ಎಂದಳು. ಬರೆದೆ. ಗಂಟು ಕೈಗೆ ಸಿಕ್ಕರೆ ಮುಚ್ಚಿಡದೆ ಡಾಕ್ಟರ ಬಳಿ ಓಡಿ ಎಂದು ಬರೆದು, ನಾನೇ ಗೀಚಿದ ಚಿತ್ರವೊಂದನ್ನು ಸೇರಿಸಿ, ಗೆಳತಿಯರೆಲ್ಲ ನೋಡುವ ಜಾಲತಾಣದಲ್ಲಿ ಹಾಕಿದೆ. ಸಂಜೆಯೊಳಗೆ ಅದು ಮಾಯ! 'ನಗ್ನತೆ, ನಮ್ಮ ನಿಯಮಕ್ಕೆ ವಿರುದ್ಧ' ಎಂಬ ಒಂದೇ ಸಾಲು. ಕೆಳಗೆ ಹೆಸರಿಲ್ಲ, ಸಹಿಯಿಲ್ಲ.

ಅದೇ ವಾರ ನನ್ನ ಫೋಟೋದ ಕೆಳಗೆ ಯಾವನೋ ಒಬ್ಬ ಇಲ್ಲಿ ಬರೆಯಲಾಗದ ಮಾತನ್ನು ಅಚ್ಚಗನ್ನಡದಲ್ಲಿ ಬರೆದ. ದೂರು ಕೊಟ್ಟೆ. 'ಪರಿಶೀಲಿಸಿದೆವು, ತಪ್ಪೇನೂ ಕಾಣಲಿಲ್ಲ' ಎಂದು ಉತ್ತರ ಬಂತು. ಕನ್ನಡ ಬಲ್ಲವರು ಅದನ್ನು ಓದಿದರೇ, ಬರೀ ಯಂತ್ರ ಓದಿತೇ? ಕೇಳೋಣವೆಂದರೆ ಯಾರನ್ನು?

ಇದು ನನ್ನೊಬ್ಬಳ ಗೋಳಲ್ಲ. 2020ರ ಅಕ್ಟೋಬರಿನಲ್ಲಿ ಬ್ರೆಜಿಲ್ ದೇಶದಲ್ಲಿ ಒಬ್ಬರು ಸ್ತನ ಕ್ಯಾನ್ಸರಿನ ಲಕ್ಷಣ ತೋರಿಸುವ ಎಂಟು ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಕ್ಯಾನ್ಸರ್ ಜಾಗೃತಿಯ ಚಿತ್ರಗಳಿಗೆ ಕಂಪನಿಯ ನಿಯಮವೇ ಅವಕಾಶ ಕೊಟ್ಟಿತ್ತು. ಆದರೂ ಯಂತ್ರ ಅವನ್ನು ಕಿತ್ತುಹಾಕಿತು. ಫೇಸ್‌ಬುಕ್ ತಾನೇ ನೇಮಿಸಿದ ಮೇಲ್ವಿಚಾರಣಾ ಮಂಡಳಿ 2021ರ ಜನವರಿಯಲ್ಲಿ ಅದು ತಪ್ಪೆಂದಿತು. ಯಂತ್ರ ತೆಗೆದದ್ದಾದರೆ ಹಾಗೆಂದು ತಿಳಿಸಿ, ಮೇಲ್ಮನವಿಯನ್ನು ಮನುಷ್ಯರೇ ನೋಡುವಂತಿರಲಿ ಎಂದೂ ಹೇಳಿತು. ನಾನು ಕೇಳುವುದೂ ಇಷ್ಟೇ.

"ಅವರ ಮನೆ, ಅವರ ನಿಯಮ, ನಿನಗೇನು?" ಎನ್ನುವವರಿದ್ದಾರೆ. ಮನೆಯಲ್ಲ ಸ್ವಾಮಿ, ಅದು ಸಂತೆ. ನಮ್ಮ ಮಾತು, ನಮ್ಮ ಮಕ್ಕಳ ಫೋಟೋಗಳಿಂದ ತುಂಬಿದ ಸಂತೆ. ನಾವು ನೆರೆದಿದ್ದೇವೆಂದೇ ಅವರಿಗೆ ಜಾಹೀರಾತಿನ ದುಡ್ಡು. ತೂಕದಲ್ಲಿ ಮೋಸವಾದರೆ ತಕ್ಕಡಿ ಹಿಡಿದವನನ್ನು ಕೇಳಬಾರದೇ?

"ಹಾಗಾದರೆ ಸರಕಾರವೇ ನೋಡಿಕೊಳ್ಳಲಿ" ಎನ್ನುತ್ತಾರೆ ಇನ್ನು ಕೆಲವರು. ಬೇಡಿ! 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಹುಡುಗಿ ಮುಂಬಯಿ ಬಂದ್ ಬಗ್ಗೆ ನಾಲ್ಕು ಮಾತು ಬರೆದಳು, ಇನ್ನೊಬ್ಬಳು ಅದನ್ನು ಮೆಚ್ಚಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಅದಕ್ಕೆ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಮಾಡಿತು. ಬೇಲಿಯೇ ಹೊಲ ಮೇಯ್ದ ಕಥೆಯನ್ನು ನಾವು ಮರೆಯಬಾರದು.

ನನ್ನ ವಾದ ಬಲು ಸಣ್ಣದು. ತೆಗೆದರೆ ಯಾಕೆ ತೆಗೆದಿರಿ, ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿ. 2021ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಇಂಥ ಕಂಪನಿಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೊಡ್ಡ ಕಂಪನಿಗಳು ನಮ್ಮ ಬರಹವನ್ನು ತಾವಾಗಿಯೇ ತೆಗೆದರೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ ಮೊರೆಹೋಗಲು ಮೇಲ್ಮನವಿ ಸಮಿತಿಗಳು 2023ರಲ್ಲಿ ರಚನೆಯಾದವು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ? "ಹೋಗಲಿ ಬಿಡು" ಎಂದು ಸುಮ್ಮನಾಗುವುದೇ ನಮಗೆ ರೂಢಿ.

ಅಕ್ಕನೂ ಹಾಗೆಯೇ ಸುಮ್ಮನಿದ್ದಳು, ಎಂಟು ತಿಂಗಳು. ಅದರ ಬೆಲೆ ಏನೆಂದು ನಾನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಈ ಸಲ ಬಿಟ್ಟಿಲ್ಲ. ದೂರು ಬರೆದು ಕಳಿಸಿದ್ದೇನೆ, ಕನ್ನಡದಲ್ಲೇ. ಓದಲು ಒಬ್ಬರನ್ನು ಹುಡುಕಿಕೊಳ್ಳುವ ಕಷ್ಟ ಈಗ ಅವರದಾಗಲಿ.