ಹೊಸ ಡ್ರಮ್ ಕಿಟ್ ಬರಲಿ, ಆದ್ರೆ ಪ್ಲಗ್ ಇಲ್ಲದ್ದು ಬರಲಿ

ಮ್ಯೂಸಿಕ್ ರೂಮಿನ ಹಳೇ ಡ್ರಮ್ ಕಿಟ್ ಬದಲಾಯಿಸೋದು ಅಂತ ಕೊನೆಗೂ ತೀರ್ಮಾನ ಆಗಿದೆ. ಒಳ್ಳೇದೇ. ಬಾಸ್ ಡ್ರಮ್‌ನ ಹೂಪ್ ಬಿರುಕು ಬಿಟ್ಟಿದೆ. ಫ್ಲೋರ್ ಟಾಮ್‌ನ ಒಂದು ಕಾಲು ಇಟ್ಟಿಗೆ ಚೂರಿನ ಮೇಲೆ ನಿಂತಿದೆ. ಕ್ರ್ಯಾಶ್ ಸಿಂಬಲ್‌ನ ಅಂಚು ಸೀಳಿದೆ. ಆದ್ರೂ ಆ ಕಿಟ್ ಅಂದ್ರೆ ನಮಗೆಲ್ಲ ಪ್ರೀತಿ. ರಾಜ್ಯೋತ್ಸವಕ್ಕೂ ಅದೇ, ಫೆಸ್ಟ್‌ಗೂ ಅದೇ. ಇಲ್ಲಿ ಡ್ರಮ್ಸ್ ಕಲಿತವರೆಲ್ಲ ಕಲಿತಿದ್ದು ಅದರ ಮೇಲೆಯೇ.

ಈಗಿರೋ ಪ್ರಶ್ನೆ, ಅದರ ಜಾಗಕ್ಕೆ ಯಾವುದು ಬರಬೇಕು ಅನ್ನೋದು. ಎಲೆಕ್ಟ್ರಾನಿಕ್ ಕಿಟ್ ತರೋಣ ಅನ್ನೋ ಮಾತು ಜೋರಾಗಿದೆ. ಆ ವಾದವನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಹೆಡ್‌ಫೋನ್ ಹಾಕ್ಕೊಂಡ್ರೆ ಮೇಲಿನ ಮಹಡಿಯ ಲ್ಯಾಬ್‌ಗೆ ತೊಂದರೆ ಇಲ್ಲ. ಟ್ಯೂನ್ ಮಾಡೋ ಕೆಲಸ ಇಲ್ಲ. ಬಾರಿಸಿದ್ದನ್ನ ನೇರವಾಗಿ ಲ್ಯಾಪ್‌ಟಾಪ್‌ಗೆ ರೆಕಾರ್ಡ್ ಮಾಡಬಹುದು. ಅಪಾರ್ಟ್‌ಮೆಂಟಲ್ಲಿ ಒಬ್ಬರೇ ಅಭ್ಯಾಸ ಮಾಡೋರಿಗೆ ನಾವೂ ಅದನ್ನೇ ತಗೊಳ್ಳಿ ಅಂತೀವಿ.

ಆದ್ರೆ ಮ್ಯೂಸಿಕ್ ರೂಮಲ್ಲಿ ಬಾರಿಸೋದು ಬ್ಯಾಂಡ್. ಡ್ರಮ್ಮರ್‌ನ ಹೆಡ್‌ಫೋನಲ್ಲಿ ಕೇಳೋ ತಾಳ ಪಕ್ಕದ ಗಿಟಾರಿಸ್ಟ್‌ಗೆ ಕೇಳಲ್ಲ. ಅವರಿಗೆ ಕೇಳಬೇಕು ಅಂದ್ರೆ ಆಂಪ್ ಬೇಕು, ಸ್ಪೀಕರ್ ಬೇಕು, ಆಮೇಲೆ ಸದ್ದು ಮತ್ತೆ ಮೇಲಿನ ಮಹಡಿಗೇ ಹೋಗುತ್ತೆ. ಇನ್ನೊಂದು ವಿಷಯ: ಎಲೆಕ್ಟ್ರಾನಿಕ್ ಕಿಟ್‌ನ ಮಾಡ್ಯೂಲ್ ಕೈಕೊಟ್ರೆ ಇಡೀ ಕಿಟ್ ಮೂಕ. ನಮ್ಮ ಹಳೇ ಕಿಟ್ ನೋಡಿ, ಇಷ್ಟೆಲ್ಲ ಮುರಿದಿದ್ರೂ ಇವತ್ತೂ ಬಾರಿಸಬಹುದು.

ಟ್ಯೂನಿಂಗ್ ತಲೆನೋವು ಅನ್ನೋ ಮಾತನ್ನಂತೂ ನಾವು ಒಪ್ಪಲ್ಲ. ವೃತ್ತಾಕಾರದ ಚರ್ಮ ತಂತಿ ಥರ ಕಂಪಿಸಲ್ಲ. ತಂತಿಯ ಮೇಲ್ಸ್ವರಗಳು ಮೂಲಸ್ವರದ 2 ಪಟ್ಟು, 3 ಪಟ್ಟು ಹೀಗೆ ಹೋದ್ರೆ, ಆದರ್ಶ ಚರ್ಮದ್ದು 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಮೃದಂಗದ ಬಲಮುಖದ ಕಪ್ಪು ಲೇಪ ಈ ಅಡ್ಡಾದಿಡ್ಡಿ ಸ್ವರಗಳನ್ನ ಸಾಲಿಗೆ ತರುತ್ತೆ ಅಂತ ಸಿ.ವಿ. ರಾಮನ್ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ರು. ಡ್ರಮ್ ಕಿಟ್‌ಗೆ ಆ ಲೇಪ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದ್ದು ನಮ್ಮ ಕಿವಿ ಮತ್ತು ಡ್ರಮ್ ಕೀ. ಒಂದೊಂದೇ ಬೋಲ್ಟ್ ಕಾಲು ಸುತ್ತು ತಿರುಗಿಸಿ, ಎದುರುಬದುರು ಬೋಲ್ಟ್‌ಗಳ ಹತ್ತಿರ ತಟ್ಟಿ ಸ್ವರ ಹೊಂದಿಸೋದನ್ನ ಕಲಿತವರಿಗೆ ಕಂಪನ ಅಂದ್ರೆ ಏನು ಅಂತ ಬೋರ್ಡ್ ನೋಡದೇ ಗೊತ್ತಾಗುತ್ತೆ. ಇಂಜಿನಿಯರಿಂಗ್ ಕಾಲೇಜಲ್ಲಿ ಇದು ಬೇಡ ಅಂದ್ರೆ ಹೇಗೆ?

ಸರಿ, ಅಕೌಸ್ಟಿಕ್ ಅಂದ್ರೆ ಯಾವುದು? ಪಾಪ್ಲರ್, ಬರ್ಚ್, ಮೇಪಲ್ ಅಂತ ಮರದ ಬಗ್ಗೆ ಗಂಟೆಗಟ್ಟಲೆ ಜಗಳ ಆಡಬಹುದು. ನಮ್ಮ ಅಭಿಪ್ರಾಯದಲ್ಲಿ ನಮ್ಮ ರೂಮಿನ ಮಟ್ಟಿಗೆ ಮರಕ್ಕಿಂತ ಹೆಡ್, ಟ್ಯೂನಿಂಗ್, ಸಿಂಬಲ್ ಇವು ಮುಖ್ಯ. ಆದ್ದರಿಂದ ಮಧ್ಯಮ ದರ್ಜೆಯ ಶೆಲ್ ಸಾಕು. ಬಾಸ್ ಡ್ರಮ್ 22 ಇಂಚಿನ ಬದಲು 20 ಇಂಚಿನದ್ದಾದ್ರೆ ರೂಮಲ್ಲಿ ಜಾಗ ಉಳಿಯುತ್ತೆ, ಆಡಿಟೋರಿಯಮ್‌ಗೆ ಹೊತ್ತುಕೊಂಡು ಹೋಗೋರ ಸೊಂಟವೂ ಉಳಿಯುತ್ತೆ. ಉಳಿದ ದುಡ್ಡು ಸಿಂಬಲ್‌ಗೆ ಹೋಗಲಿ. ಅಗ್ಗದ ಕಿಟ್ ಜೊತೆ ಬರೋ ಸಿಂಬಲ್ ಸಾಮಾನ್ಯವಾಗಿ ಹಿತ್ತಾಳೆಯದ್ದು, ಹೊಡೆದ್ರೆ ತಟ್ಟೆ ಬಿದ್ದ ಹಾಗೆ ಸದ್ದು. ಕಂಚಿನದ್ದು ಬೇಕು. ಬಿ8 ಅಂದ್ರೆ ಶೇ. 8 ತವರ, ಬಿ20 ಅಂದ್ರೆ ಶೇ. 20 ತವರ, ಮಿಕ್ಕಿದ್ದು ಬಹುಪಾಲು ತಾಮ್ರ. ಹೆಡ್ ಹರಿದ್ರೆ ಬದಲಾಯಿಸಬಹುದು, ಕೆಟ್ಟ ಸಿಂಬಲ್‌ನ ಟ್ಯೂನ್ ಮಾಡೋಕೆ ಬರಲ್ಲ. ಹಳೇ ಸ್ನೇರ್ ಇನ್ನೂ ಗಟ್ಟಿಯಾಗಿದೆ, ಹೊಸ ಹೆಡ್ ಹಾಕಿದ್ರೆ ಸಾಕು. ಅದನ್ನ ದಯವಿಟ್ಟು ಗುಜರಿಗೆ ಕಳಿಸಬೇಡಿ.

ಇನ್ನು ಸದ್ದಿನ ದೂರು. ಅದು ನ್ಯಾಯವಾದ ದೂರೇ. ಲ್ಯಾಬ್ ನಡೆಯೋ ಹೊತ್ತಲ್ಲಿ ಬಾರಿಸಬಾರದು ಅಂತ ಟೈಮ್‌ಟೇಬಲ್ ಹಾಕಲಿ, ನಾವು ಪಾಲಿಸ್ತೀವಿ. ಅದೂ ಸಾಲದಿದ್ರೆ ಅದೇ ಶೆಲ್‌ಗೆ ಮೆಶ್ ಹೆಡ್ ಹಾಕಬಹುದು, ಸದ್ದು ಕಮ್ಮಿ ಮಾಡೋ ತೂತು ತೂತಿನ ಸಿಂಬಲ್‌ಗಳೂ ಸಿಗುತ್ತವೆ.

ನಮಗೆ ನಿಜವಾಗಿ ಚಿಂತೆ ಇರೋದು ಜೂನಿಯರ್‌ಗಳದ್ದು. ಹಾಸ್ಟೆಲ್‌ನಲ್ಲಿರೋರಿಗೆ, ಮನೆಯಲ್ಲಿ ಕಿಟ್ ಇಡೋಕೆ ಜಾಗವೋ ದುಡ್ಡೋ ಇಲ್ಲದವರಿಗೆ ಈ ರೂಮ್ ಬಿಟ್ರೆ ಬೇರೆ ಡ್ರಮ್ ಇಲ್ಲ. ರಬ್ಬರ್ ಪ್ಯಾಡ್ ಮೇಲಷ್ಟೇ ಕಲಿತವರು ಬೇರೆ ಕಾಲೇಜಿನ ಫೆಸ್ಟ್‌ಗೆ ಹೋಗಿ ನಿಜವಾದ ಕಿಟ್ ಮುಂದೆ ಕೂತ್ರೆ, ಎಷ್ಟು ಜೋರಾಗಿ ಹೊಡೀಬೇಕು, ಎಲ್ಲಿ ಮೆಲ್ಲಗೆ ಮುಟ್ಟಬೇಕು ಅನ್ನೋದೇ ತಿಳಿಯಲ್ಲ. ಅಲ್ಲದೇ ಎಲೆಕ್ಟ್ರಾನಿಕ್ ಸಾಮಾನು ಬಂದ ದಿನವೇ ಬೀಗ ಬೀಳುತ್ತೆ, 'ಮುಟ್ಟಬೇಡಿ' ಅನ್ನೋ ಚೀಟಿ ಅಂಟುತ್ತೆ. ಹಳೇ ಕಿಟ್ ನಮಗೆ ಇಷ್ಟ ಆಗಿದ್ದೇ ಯಾರು ಬೇಕಾದ್ರೂ ಕೂತು ಬಾರಿಸಬಹುದಾಗಿತ್ತು ಅಂತ.

ಕೊಟೇಶನ್ ತರಿಸಿ ಕಮ್ಮಿ ಬೆಲೆಯದ್ದಕ್ಕೆ ಸಹಿ ಹಾಕೋ ಮುಂಚೆ, ಬಾರಿಸೋರಲ್ಲಿ ಇಬ್ಬರನ್ನಾದ್ರೂ ಅಂಗಡಿಗೆ ಕರ್ಕೊಂಡು ಹೋಗಿ. ಕೋಲು ನಾವೇ ತರ್ತೀವಿ.