ಹೊಸ ಮನೆ, ಹಳೆಯ ಅಡಿಗೆಮನೆ



ಮದುವೆಯಾದ ಹೊಸತರಲ್ಲಿ ಅತ್ತೆಮನೆಗೆ ಹೊಂದಿಕೊಳ್ಳುವುದು ಎಲ್ಲರಿಗೂ ಇದ್ದದ್ದೇ. ಆದರೆ ಮದುವೆಯಾಗಿ ಹದಿನಾರು ವರ್ಷ ಕಳೆದು, ತಲೆಯಲ್ಲಿ ನಾಲ್ಕು ಬೆಳ್ಳಿಕೂದಲು ಇಣುಕಿದ ಮೇಲೆ ಮತ್ತೆ ಹೊಸ ಸೊಸೆಯ ಹಾಗೆ ಹೊಸ್ತಿಲಲ್ಲಿ ನಿಲ್ಲುವ ಪ್ರಸಂಗ ನಿಮಗೆ ಬಂದಿದೆಯೇ? ನನಗೆ ಬಂತು.

ನನ್ನ ತವರು ಮಂಡ್ಯದ ಕಡೆ. ಮುದ್ದೆ, ಸೊಪ್ಪಿನ ಸಾರು, ಹಿತ್ತಲಲ್ಲಿ ತೆಂಗಿನಮರ. ನಮ್ಮವರ ಊರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅವರ ನೌಕರಿಯಿಂದಾಗಿ ನಾವಿದ್ದದ್ದು ಮೈಸೂರಿನಲ್ಲಿ. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗುವುದು, ನೆಂಟರ ಹಾಗೆ ಉಂಡು ಬರುವುದು, ಅಷ್ಟೇ. 2017ರಲ್ಲಿ ಮಾವನವರು ತೀರಿಕೊಂಡರು. ಅತ್ತೆ ಒಬ್ಬರೇ ಉಳಿದರು, ಹೊಲ ನೋಡುವವರಿಲ್ಲ. ಮಗನನ್ನು ಹಾಸ್ಟೆಲಿಗೆ ಸೇರಿಸಿದೆವು. "ಒಂದು ವರ್ಷ ಇದ್ದು ನೋಡೋಣ. ಆಗದಿದ್ದರೆ ಅವ್ವನನ್ನೇ ಇಲ್ಲಿಗೆ ಕರಕೊಂಡು ಬರೋಣ" ಅಂದರು ನಮ್ಮವರು. ಒಂದು ವರ್ಷ ತಾನೇ ಎಂದು ನಾನೂ ಸಾಮಾನು ಕಟ್ಟಿದೆ.

ಎರಡು ಕಡೆಯೂ ಕನ್ನಡವೇ, ಆದರೂ ಮೊದಲ ವಾರ ನಾನು ಪಟ್ಟ ಪಾಡು ಕೇಳಿ. "ಕಾಯಿಪಲ್ಯ ತಂದೀನಿ, ತಗೋ" ಎಂದು ಅತ್ತೆ ಚೀಲ ಕೊಟ್ಟರೆ, ಯಾರೋ ಪಲ್ಯ ಮಾಡಿ ಕಳಿಸಿದ್ದಾರೆಂದು ಅನ್ನಕ್ಕಿಟ್ಟು ಕೂತೆ. ಚೀಲದಲ್ಲಿದ್ದದ್ದು ಹಸಿ ಬದನೆಕಾಯಿ! ಈರುಳ್ಳಿ ಉಳ್ಳಾಗಡ್ಡಿ ಆಯಿತು, ಕಡಲೆಕಾಯಿ ಶೇಂಗಾ ಆಯಿತು, ಹುರಿಗಡಲೆ ಪುಟಾಣಿ ಆಯಿತು. ಕೊಳಾಯಿಗೆ ಅಲ್ಲಿ ನಳ ಅನ್ನುತ್ತಾರೆ. ನಮ್ಮ ಓಣಿಗೆ ಆಗ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತಿತ್ತು. "ನಳ ಬಂದಾವ್ರೀ" ಎಂಬ ಕೂಗು ಕೇಳಿದರೆ ಸಾಕು, ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಬೇಕು.

ಬೋರಿನ ನೀರು ಸವಳು. ಅದರಲ್ಲಿ ತೊಗರಿಬೇಳೆ ಬೇಯಿಸಲು ಹೋಗಿ ಒಂದು ಗಂಟೆ ಗ್ಯಾಸ್ ಉರಿಸಿದೆ. ಬೇಳೆ ಬೇಳೆಯಾಗಿಯೇ ಉಳಿಯಿತು. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಕಾಳು ಬೇಳೆ ಮೆತ್ತಗಾಗುವುದಿಲ್ಲ, ಸೋಪೂ ನೊರೆ ಬರುವುದಿಲ್ಲ. ಬೇಳೆ ನೆನೆಸಲು, ಬೇಯಿಸಲು ಸಿಹಿನೀರನ್ನೇ ಎತ್ತಿಡಿ, ಪಾತ್ರೆ ತೊಳೆಯಲು ಸವಳು ಸಾಕು. ಇದನ್ನು ಪಕ್ಕದ ಮನೆಯವರು ಹೇಳಿಕೊಟ್ಟರು. ಅತ್ತೆಯನ್ನು ಕೇಳಲು ನನಗೆ ಬಿಗುಮಾನ.

ಆ ಬಿಗುಮಾನದಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಅತ್ತೆ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಅಡಿಗೆಮನೆಯನ್ನು ಪೂರ್ತಿ ಖಾಲಿ ಮಾಡಿ, ಗೋಡೆಯ ಗೂಡುಗಳನ್ನು ತಿಕ್ಕಿ ತೊಳೆದು, ಹಳೆಯ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ. ಮೈಸೂರಿನಿಂದ ತಂದ ಒಂದೇ ಅಳತೆಯ ಬಾಟಲಿಗಳಲ್ಲಿ ಸಾಮಾನು ತುಂಬಿ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಎಷ್ಟು ಅಚ್ಚುಕಟ್ಟು ಅಂತೀರಿ!

ಸಂಜೆ ಓಣಿಯ ಇಬ್ಬರು ಹೆಂಗಸರು ಬಂದರು. ಚಹಾ ಮಾಡಲು ಒಳಗೆ ಹೋದ ಅತ್ತೆ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಬಾಟಲಿಗಳ ಮುಂದೆ ಸುಮ್ಮನೆ ನಿಂತಿದ್ದರು. ಸಕ್ಕರೆಯೋ ರವೆಯೋ ಎಂದು ಒಂದನ್ನು ಎತ್ತಿ ಬೆಳಕಿಗೆ ಹಿಡಿದಿದ್ದರು. ಅವರಿಗೆ ಓದು ಬರುವುದಿಲ್ಲ. ಇದು ನನಗೆ ತಿಳಿದದ್ದೇ. ಚೀಟಿ ಅಂಟಿಸುವಾಗ ಮಾತ್ರ ನೆನಪಾಗಲಿಲ್ಲ. ಕತ್ತಲಲ್ಲೂ ಕೈಗೆ ಸಿಗುತ್ತಿದ್ದ ಸಕ್ಕರೆ ಅವರ ಮನೆಯಲ್ಲೇ ಅವರಿಗೆ ಸಿಗದ ಹಾಗೆ ಮಾಡಿದ್ದೆ.

"ಎಷ್ಟ್ ಛಂದ ಇಟ್ಟೀಯವ್ವಾ ನಿನ್ನ ಅಡಿಗಿಮನಿ" ಅಂದರು ಅತ್ತೆ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆ 'ನಿನ್ನ' ಎಂಬ ಮಾತು ರಾತ್ರಿಯೆಲ್ಲ ಚುಚ್ಚಿತು.

ಅಂದಿನಿಂದ ಮಾತು ಕಡಿಮೆಯಾಯಿತು. ರೊಟ್ಟಿಯನ್ನು ಮಾತ್ರ ಅತ್ತೆ ನನ್ನ ಕೈಗೆ ಬಿಡಲಿಲ್ಲ. "ನಿನಗ ಬರಂಗಿಲ್ಲ ಬಿಡವ್ವಾ" ಎಂದು, ನಾನು ಏಳುವ ಹೊತ್ತಿಗೆ ಎಲ್ಲ ಮುಗಿಸಿ ಬುಟ್ಟಿಯಲ್ಲಿಟ್ಟಿರುತ್ತಿದ್ದರು. ನನ್ನನ್ನು ದೂರ ಇಡಲೆಂದೇ ಹೀಗೆ ಮಾಡುತ್ತಾರೆಂದು ನಾನು ಭಾವಿಸಿದೆ. ವರ್ಷ ತುಂಬಲು ಇನ್ನೆಷ್ಟು ತಿಂಗಳು ಎಂದು ಕ್ಯಾಲೆಂಡರ್ ನೋಡತೊಡಗಿದೆ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದ ಚಳಿಗಾಲ. ಒಂದು ದಿನ ನಸುಕಿನ ನಾಲ್ಕು ಗಂಟೆಗೇ ಎಚ್ಚರವಾಯಿತು. ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಆ ಊರಿನಲ್ಲಿ ಬೆಳಗಾದರೆ ಮನೆಮನೆಯಲ್ಲೂ ಪಟಪಟ ಎಂಬ ಸದ್ದು ಕೇಳುತ್ತದೆ. ಇದು ಹಾಗಿರಲಿಲ್ಲ. ನಾಲ್ಕು ಪೆಟ್ಟು, ಆಮೇಲೆ ಸುಮ್ಮನೆ. ಮತ್ತೆ ನಾಲ್ಕು ಪೆಟ್ಟು. ಬಾಗಿಲ ಮರೆಯಿಂದ ನೋಡಿದೆ. ಅತ್ತೆಯ ಬೆರಳುಗಳು ಮಡಚುತ್ತಿರಲಿಲ್ಲ. ಅಂಗೈಯ ಬುಡದಿಂದಲೇ ಹಿಟ್ಟು ನಾದುತ್ತಿದ್ದರು. ಒಂದು ರೊಟ್ಟಿ ಆದಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಎಂಟು ರೊಟ್ಟಿಗೆ ಎರಡು ಗಂಟೆ! ನಾವು ನೋಡಬಾರದೆಂದು ನಾಲ್ಕಕ್ಕೇ ಏಳುತ್ತಿದ್ದರು.

'ಬಿಡಿ, ನಾನು ಮಾಡ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಟಲಿಗಳ ಮುಂದೆ ನಿಂತಿದ್ದ ಅವರ ಮುಖ ನೆನಪಾಯಿತು. ಹತ್ತಿರ ಕೂತು, "ಅತ್ತೀ, ನನಗ ಕಲಸ್ರಿ" ಅಂದೆ, ಬಂದಷ್ಟು ಅವರ ಮಾತಿನಲ್ಲೇ.

ಅವರು ನನ್ನನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು. "ಕುಂದ್ರು" ಎಂದು ಮಣೆ ಸರಿಸಿ ಜಾಗ ಕೊಟ್ಟರು.

ನನ್ನ ಮೊದಲ ರೊಟ್ಟಿ ಹಲಗೆಯಿಂದ ಹಂಚಿಗೆ ಹೋಗುವಷ್ಟರಲ್ಲಿ ಮೂರು ತುಂಡಾಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಾವನವರು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವರು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಜೋಳದ ಹಿಟ್ಟು ಹತ್ತು ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಹಳೆಯದಾದರೆ ಜಿಗಿ ಹೋಗಿ ಅಂಚು ಒಡೆಯುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲು ನೀರು ಕುದಿಸಿ, ಚಿಟಿಕೆ ಉಪ್ಪು ಹಾಕಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಆದ್ದರಿಂದ ಎಸರು ಕುದಿಯುತ್ತಿರಲೇಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿದು ಸೌಟಿನಿಂದ ಕಲಸಿ. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ, ಬೇಕಾದರೆ ಸ್ವಲ್ಪ ನೀರು ಚಿಮುಕಿಸಿ, ಬಿರುಕಿಲ್ಲದಂತೆ ನಾದಿ. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿ, ಉಂಡೆಯನ್ನು ತಿರುಗಿಸುತ್ತಾ ಬಡಿಯಿರಿ. ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಭಾಗ ಸವರಿ. ನೀರು ಆರಿದ ಕೂಡಲೇ ಮಗುಚಿ, ಕೊನೆಗೆ ಉರಿಗೆ ಹಿಡಿದರೆ ಉಬ್ಬುತ್ತದೆ. ಆರೇಳು ರೊಟ್ಟಿಯಾಗುತ್ತವೆ. ಜೊತೆಗೆ ಶೇಂಗಾ ಚಟ್ನಿ, ಕೆನೆ ಮೊಸರು ಇದ್ದರೆ ಇನ್ನೇನು ಬೇಕು?

ಅದೇ ವಾರ ಅಟ್ಟದ ಡಬ್ಬಿಗಳನ್ನು ಇಳಿಸಿ, ಸಕ್ಕರೆಯದು ಎಲ್ಲಿತ್ತೆಂದು ಅತ್ತೆಯನ್ನೇ ಕೇಳಿ ಅಲ್ಲೇ ಇಟ್ಟೆ. ಡಾಕ್ಟರ ಹತ್ತಿರ ಹೋಗಲು ಅವರು ಒಪ್ಪಿದ್ದು ಆಮೇಲೆ. ಸಂಧಿವಾತ ಅಂದರು. ಮಾತ್ರೆಯಿಂದ ನೋವು ಇಳಿಯಿತು, ಬೆರಳು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. "ಯಾಕೆ ಮೊದಲೇ ಹೇಳಲಿಲ್ಲ?" ಅಂತ ಕೇಳಿದ್ದಕ್ಕೆ, "ರೊಟ್ಟಿನೂ ಬಿಟ್ಟರ ಈ ಮನ್ಯಾಗ ನಂದೇನು ಉಳೀತವ್ವಾ?" ಅಂದರು. ನಾನು ಈ ಮನೆಯಲ್ಲಿ ಜಾಗವಿಲ್ಲವೆಂದು ಅಳುತ್ತಿದ್ದಾಗ ಅವರಿಗೂ ಅದೇ ಭಯವಿತ್ತು, ನೋಡಿ.

ಆ ಒಂದು ವರ್ಷ ಎಂದೋ ಮುಗಿಯಿತು. ಮೈಸೂರಿನ ಮಾತು ಯಾರೂ ಎತ್ತಲಿಲ್ಲ. ನಾನು ಬಡಿಯುತ್ತೇನೆ, ಅತ್ತೆ ಒಲೆಯ ಮುಂದೆ ಕೂತು ಮಗುಚುತ್ತಾರೆ, ಆಗಾಗ "ಉರಿ ಸಣ್ಣ ಮಾಡು" ಎಂದು ಗದರುತ್ತಾರೆ.

ನಿಮ್ಮಲ್ಲಿ ಯಾರಾದರೂ ಹೊಸ ಮನೆಗೆ, ಹೊಸ ಊರಿಗೆ ಹೊರಟಿದ್ದರೆ ನನ್ನದೊಂದು ಮಾತು. ಮೊದಲ ಮೂರು ತಿಂಗಳು ಅಲ್ಲಿಯ ಡಬ್ಬಿಗಳನ್ನು ಕದಲಿಸಬೇಡಿ. ನಿಮಗೆ ಬರುವುದನ್ನು ತೋರಿಸಲು ಮುಂದೆ ದಿನಗಳಿವೆ. ಬಾರದ್ದನ್ನು ಮೊದಲು ಕೇಳಿ ಕಲಿಯಿರಿ.